ಮರಿಗೆ ಸುಮ್ನೆ ಮಲಗೋದನ್ನ ಕಲಿಸುವುದು

ಆಟಿಸಂ ಇರುವ ಮಕ್ಕಳ ಮನೆಗೆ ಹೋಗಬೇಕಾದ ನಾಯಿಮರಿಗಳನ್ನು ನಾನು ಸಾಕಿ ಕೊಡುತ್ತೇನೆ. ಎಂಟು ವಾರದ ಮರಿ ನನ್ನ ಮನೆಗೆ ಬರುತ್ತದೆ. ಒಂದೂಕಾಲು, ಒಂದೂವರೆ ವರ್ಷ ಆಗುವ ಹೊತ್ತಿಗೆ ತರಬೇತಿ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಇನ್ನೂ ಕೆಲವು ತಿಂಗಳು ಪಳಗಿ, ಎರಡು ವರ್ಷದ ಆಸುಪಾಸಿನಲ್ಲಿ ಒಂದು ಮಗುವಿನ ಮನೆ ಸೇರುತ್ತದೆ. ಈ ವಿಷಯ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಏನೇನು ಕಲಿಸ್ತೀರಿ?"

ಮಗು ಅತ್ತರೆ ಓಡಿ ಬರುವುದು, ಕಳೆದುಹೋದ ಚಪ್ಪಲಿ ಹುಡುಕಿ ತರುವುದು, ಇಂಥ ಏನಾದರೂ ಹೇಳುತ್ತೇನೆ ಅಂದುಕೊಂಡಿರುತ್ತಾರೆ. ನಾನು "ಸುಮ್ನೆ ಮಲಗೋದನ್ನ ಕಲಿಸ್ತೀನಿ" ಅಂದರೆ ಮುಖ ಸಪ್ಪೆಯಾಗುತ್ತದೆ. ಆದರೆ ನಿಜವಾಗಿಯೂ ನನ್ನ ಸಮಯ ಜಾಸ್ತಿ ಹೋಗುವುದು ಅದಕ್ಕೇ. ಕೂರು, ಬಾ, ಬಿಡು ಇವೆಲ್ಲ ಜಾಣ ಮರಿಗೆ ಕೆಲವೇ ದಿನಗಳ ಕೆಲಸ. ಸುತ್ತ ಗದ್ದಲ ನಡೆಯುತ್ತಿದ್ದಾಗ ಮೈ ಬಿಟ್ಟು ಮಲಗುವುದಕ್ಕೆ ವರ್ಷ ಹಿಡಿಯುತ್ತದೆ.

ಅದರಲ್ಲೂ ಮಲಗುವುದರಲ್ಲಿ ಎರಡು ಥರ ಇದೆ. ಎದ್ದರೆ ಬೈಗುಳ ಬೀಳುತ್ತದೆ ಎಂದು ಬಿಗಿಹಿಡಿದುಕೊಂಡು ಮಲಗುವ ನಾಯಿ ಒಂದು. ಇಲ್ಲಿ ಹೆದರುವಂಥದ್ದು ಏನೂ ಇಲ್ಲ ಎಂದು ತಲೆ ನೆಲಕ್ಕೆ ಚೆಲ್ಲಿ ಮಲಗುವ ನಾಯಿ ಇನ್ನೊಂದು. ದೂರದಿಂದ ನೋಡಿದವರಿಗೆ ಎರಡೂ "ಎಷ್ಟು ಸಾಧು ನಾಯಿ" ಅಷ್ಟೇ. ಮಗುವಿನ ಪಕ್ಕ ವರ್ಷಗಟ್ಟಲೆ ಇರಬೇಕಾದ ನಾಯಿ ಎರಡನೆಯದಾಗಿರಬೇಕು. ಮೊದಲನೆಯದು ಒಂದಲ್ಲ ಒಂದು ದಿನ ಸಿಡಿಯುತ್ತದೆ, ಇಲ್ಲವೇ ಒಳಗೊಳಗೇ ಕುಗ್ಗಿಹೋಗುತ್ತದೆ.

ಇಂಥ ನಾಯಿಯ ಕೆಲಸ ಏನು ಅನ್ನುವುದನ್ನು ಸ್ವಲ್ಪ ಹೇಳಬೇಕು. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳ ಇತಿಹಾಸ ಹಳೆಯದು. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯಲ್ಲಿ ಒಂದು ಶಾಲೆ ಶುರುವಾಯಿತು. 1929ರಲ್ಲಿ ಅಮೆರಿಕದಲ್ಲಿ ದಿ ಸೀಯಿಂಗ್ ಐ ಎಂಬ ಅಂಥದೇ ಶಾಲೆ ಬಂತು. ಮಕ್ಕಳ ಮನಸ್ಸಿಗೂ ನಾಯಿಗೂ ಏನಾದರೂ ನಂಟು ಇದೆಯಾ ಎಂದು ವೈದ್ಯಲೋಕ ಯೋಚಿಸತೊಡಗಿದ್ದು ಇನ್ನೂ ತಡವಾಗಿ. ಬೋರಿಸ್ ಲೆವಿನ್ಸನ್ ಎಂಬ ಮನಶ್ಶಾಸ್ತ್ರಜ್ಞರ ಕೋಣೆಗೆ ಯಾರ ಜೊತೆಯೂ ಬೆರೆಯದ ಒಬ್ಬ ಹುಡುಗ ಹೇಳಿದ ಸಮಯಕ್ಕಿಂತ ಮುಂಚೆ ಬಂದುಬಿಟ್ಟ. ಅವರ ನಾಯಿ ಜಿಂಗಲ್ಸ್ ಆಗ ಅಲ್ಲೇ ಇತ್ತು. ಹುಡುಗ ನಾಯಿಯ ಜೊತೆ ಸೇರಿಕೊಂಡ. ಲೆವಿನ್ಸನ್ ಇದನ್ನು ಗಮನಿಸಿ, ನಾಯಿಯನ್ನು ಚಿಕಿತ್ಸೆಯ ಜೊತೆಗಾರ ಎಂದು ಕರೆದು 1962ರಲ್ಲಿ ಬರೆದರು. ಆದರೆ ಆಟಿಸಂ ಇರುವ ಮಕ್ಕಳಿಗೆಂದೇ ನಾಯಿಗಳನ್ನು ತಯಾರು ಮಾಡುವ ಕೆಲಸಕ್ಕೆ ಇನ್ನೂ ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕಾಯಿತು. ಕೆನಡಾದಲ್ಲಿ 1996ರಲ್ಲಿ ಶುರುವಾದ ನ್ಯಾಷನಲ್ ಸರ್ವಿಸ್ ಡಾಗ್ಸ್ ಆ ದಾರಿಯ ಮೊದಲಿಗರಲ್ಲಿ ಒಂದು.

ಅವರು ಹುಡುಕಿದ್ದು ತುಂಬಾ ಭಯದ ಒಂದು ಸಮಸ್ಯೆಗೆ ಉತ್ತರ. ಆಟಿಸಂ ಇರುವ ಎಷ್ಟೋ ಮಕ್ಕಳು ಕಣ್ಣು ತಪ್ಪಿಸಿ ಓಡಿಬಿಡುತ್ತಾರೆ. ಸದ್ದಿನಿಂದ ತಪ್ಪಿಸಿಕೊಳ್ಳಲು, ದೂರದಲ್ಲಿ ಕಂಡ ನೀರಿನ ಕಡೆಗೆ, ಅಥವಾ ಓಡುವ ಖುಷಿಗೇ. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ನಾಲ್ಕು ವರ್ಷ ದಾಟಿದ ಮೇಲೂ ತಮ್ಮ ಮಗು ಒಮ್ಮೆಯಾದರೂ ಹೀಗೆ ಹೋಗಲು ನೋಡಿದೆ ಎಂದು ಹೇಳಿದ ಹೆತ್ತವರು ಶೇಕಡಾ 49. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳು. ಅಂಥ ಮನೆಯಲ್ಲಿ ತಾಯಿ ಬಾಗಿಲ ಸದ್ದು ಕೇಳುತ್ತಲೇ ನಿದ್ದೆ ಮಾಡುತ್ತಾಳೆ. ಹೊರಗೆ ಹೊರಟರೆ ಮಗುವಿನ ಮಣಿಕಟ್ಟು ಬಿಡುವ ಹಾಗಿಲ್ಲ. ಹಾಗೆ ಬಿಗಿಯಾಗಿ ಹಿಡಿಯುವುದು ಮಗುವಿಗೂ ಹಿಂಸೆ.

ಇದಕ್ಕೆ ಕಂಡುಕೊಂಡ ಉಪಾಯ ಹೀಗಿದೆ. ಮಗುವಿನ ಸೊಂಟಕ್ಕೆ ಒಂದು ಬೆಲ್ಟ್. ಅದರಿಂದ ನಾಯಿಯ ಜಾಕೆಟ್ಟಿಗೆ ಒಂದು ಪಟ್ಟಿ. ನಾಯಿಯ ಹಗ್ಗ ದೊಡ್ಡವರ ಕೈಯಲ್ಲಿ. ಮಗು ಓಡಲು ನೋಡಿದರೆ ನಾಯಿ ನಾಲ್ಕೂ ಕಾಲೂರಿ ನಿಂತುಬಿಡುತ್ತದೆ. ಅಷ್ಟರಲ್ಲಿ ದೊಡ್ಡವರು ಮಗುವನ್ನು ಹಿಡಿಯಬಹುದು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇದರ ಬಗ್ಗೆ ಈ ಕ್ಷೇತ್ರದಲ್ಲೇ ಒಮ್ಮತ ಇಲ್ಲ. ಮಗು ಬೆಳೆದು ತೂಕ ಜಾಸ್ತಿಯಾದ ಮೇಲೆ ಆ ಎಳೆತ ನಾಯಿಯ ಬೆನ್ನು, ಭುಜದ ಮೇಲೆ ಬೀಳುತ್ತದೆ. ಹಾಗಾಗಿ ಕೆಲವು ಸಂಸ್ಥೆಗಳು ಚಿಕ್ಕ ಮಕ್ಕಳಿಗೆ ಮಾತ್ರ ಕೊಡುತ್ತವೆ, ಕೆಲವು ಈ ಪದ್ಧತಿಯನ್ನೇ ಇಟ್ಟುಕೊಂಡಿಲ್ಲ. ನನ್ನ ಒಲವು ಎರಡನೆಯ ಕಡೆಗೆ. ಪಟ್ಟಿಯ ಬದಲು ಜಾಕೆಟ್ಟಿನ ಮೇಲೊಂದು ಹಿಡಿ ಇರಲಿ, ಮಗು ತಾನಾಗಿ ಹಿಡಿದುಕೊಳ್ಳಲಿ ಅನ್ನುವವಳು ನಾನು. ಓಡಿಹೋಗುವ ಮಗುವಿನ ತಾಯಿ ನನ್ನ ಮಾತು ಒಪ್ಪದಿದ್ದರೆ ಆಕೆಯ ಜೊತೆ ವಾದ ಮಾಡುವುದಿಲ್ಲ. ಆ ಭಯ ಆಕೆಯದು.

ಇನ್ನೊಂದು ಕೆಲಸ ಭಾರ ಹಾಕುವುದು. ಮಗು ತಡೆಯಲಾರದಷ್ಟು ಕಂಗಾಲಾದಾಗ ನಾಯಿ ಬಂದು ಮಡಿಲ ಮೇಲೆ ತಲೆಯನ್ನೋ ಮುಂಗಾಲುಗಳನ್ನೋ ಇಟ್ಟು ಭಾರ ಬಿಡುತ್ತದೆ. ಕೆಲವು ಮಕ್ಕಳಿಗೆ ಹಗುರವಾಗಿ ಮುಟ್ಟುವುದೇ ಕಿರಿಕಿರಿ, ಗಟ್ಟಿಯಾದ ಒತ್ತಡ ಮಾತ್ರ ಹಿತ. ಎಲ್ಲ ಮಕ್ಕಳಿಗೂ ಹಾಗಲ್ಲ. ಆದ್ದರಿಂದ ಕರೆದಾಗ ಬರುವುದರ ಜೊತೆಗೆ, ಸಾಕು ಎಂದ ಕೂಡಲೇ ಇಳಿಯುವುದನ್ನೂ ನಾಯಿ ಕಲಿತಿರಬೇಕು.

ಇದೆಲ್ಲದರಲ್ಲಿ ನಾಯಿಗೆ ಹೇಳಿ ಮಾಡಿಸುವವರು ಹೆತ್ತವರು. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮಗುವಿನ ಕೈಗೆ ನಾಯಿಯನ್ನು ಒಪ್ಪಿಸಿ ನಿರಾಳವಾಗಿ ಇರಬಹುದು ಅಂದುಕೊಂಡು ಬರುತ್ತಾರೆ. ಆದರೆ ಊಟ ಹಾಕುವುದು, ಮೈ ಉಜ್ಜುವುದು, ಉಗುರು ಕತ್ತರಿಸುವುದು, ಡಾಕ್ಟರ ಹತ್ತಿರ ಕರೆದೊಯ್ಯುವುದು, ಕಲಿತದ್ದನ್ನು ಮರೆಯದ ಹಾಗೆ ದಿನವೂ ಅಭ್ಯಾಸ ಮಾಡಿಸುವುದು, ಎಲ್ಲವೂ ಅವರ ಮೇಲೇ ಬೀಳುತ್ತದೆ. ಈಗಾಗಲೇ ನಿದ್ದೆಗೆಟ್ಟು ಸೋತಿರುವ ಮನೆಗೆ ಇನ್ನೊಂದು ಜೀವದ ಜವಾಬ್ದಾರಿ. ನಾಯಿ ಬೇಕು ಎಂದು ಬಂದವರಿಗೆ ಈ ಮಾತನ್ನು ಮೊದಲೇ ಹೇಳುವುದು ಒಳ್ಳೆಯದು.

ಇನ್ನು ಮರಿಯ ಸಂಗತಿ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಒಂದು ಮಾತು ಹೇಳಿದರು. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಬಾಗಿಲು ತೆರೆದಿರುತ್ತದೆ. ಆಗ ಕಂಡ ಮನುಷ್ಯರು, ಕೇಳಿದ ಸದ್ದು, ಮೆಟ್ಟಿದ ನೆಲ ಇವೆಲ್ಲ ಅದರ ಪಾಲಿಗೆ "ಇದು ಇರುವಂಥದ್ದೇ" ಆಗಿಬಿಡುತ್ತವೆ. ಆಮೇಲೆ ಬಂದ ಹೊಸತೆಲ್ಲ ಮೊದಲು ಅನುಮಾನ ಹುಟ್ಟಿಸುತ್ತದೆ. ನನ್ನ ಮನೆಗೆ ಮರಿ ಬರುವುದು ಎಂಟನೆಯ ವಾರದಲ್ಲಿ. ಅಂದರೆ ಆ ಬಾಗಿಲು ಆಗಲೇ ಅರ್ಧ ಮುಚ್ಚಿರುತ್ತದೆ. ಹಾಗಾಗಿ ಮರಿ ಹುಟ್ಟಿದ ಮನೆಯವರ ಪಾಲು ನನ್ನದಕ್ಕಿಂತ ದೊಡ್ಡದು ಎಂದೇ ನನ್ನ ನಂಬಿಕೆ. ಕಣ್ಣು ಬಿಟ್ಟು ಕಿವಿ ತೆರೆದ ದಿನಗಳಿಂದ ಅವರು ಮರಿಯನ್ನು ಎತ್ತಿ, ತಿರುಗಿಸಿ, ಬೇರೆ ಬೇರೆ ನೆಲದ ಮೇಲೆ ಬಿಟ್ಟು ಅಭ್ಯಾಸ ಮಾಡಿಸಿದ್ದರೆ ನನ್ನ ಕೆಲಸ ಹಗುರ. ಮಾಡಿಸದಿದ್ದರೆ ಎಷ್ಟು ಒದ್ದಾಡಿದರೂ ಆ ಕೊರತೆ ಪೂರ್ತಿ ತುಂಬುವುದಿಲ್ಲ.

ಉಳಿದಿರುವ ಕೆಲವೇ ವಾರಗಳಲ್ಲಿ ಲಸಿಕೆಯೂ ಮುಗಿದಿರುವುದಿಲ್ಲ. ಸೋಂಕಿನ ಭಯಕ್ಕೆ ಮರಿಯನ್ನು ಹೊರಗಿನ ನೆಲಕ್ಕೆ ಬಿಡುವ ಹಾಗಿಲ್ಲ. ಹಾಗಂತ ಮನೆಯಲ್ಲೇ ಇಟ್ಟುಕೊಂಡರೆ ಕಲಿಯುವ ಕಾಲ ಕಳೆದುಹೋಗುತ್ತದೆ. ಅದಕ್ಕೇ ಎತ್ತಿಕೊಂಡು ಓಡಾಡುತ್ತೇನೆ. ಶಾಲೆ ಬಿಡುವ ಹೊತ್ತಿಗೆ ಗೇಟಿನಿಂದ ದೂರ ನಿಲ್ಲುತ್ತೇನೆ. ಕೂಗಾಟ, ಓಟ, ಬೀಳುವ ಬ್ಯಾಗು, ಬಿಚ್ಚುವ ಕೊಡೆ, ಗಾಲಿಕುರ್ಚಿ, ಸೈಕಲ್ಲು. ಮರಿ ಕಿವಿ ನಿಮಿರಿಸಿ ನೋಡುತ್ತದೆ. ನಾನು ಏನೂ ಹೇಳುವುದಿಲ್ಲ. ಅದು ನೋಡಿ ಮುಗಿಸಿ ನನ್ನ ಕಡೆ ತಿರುಗಿದಾಗ ಒಂದು ತಿಂಡಿ. ಹತ್ತಿರ ಹೋಗಬೇಕೋ ಬೇಡವೋ ಎಂದು ಮರಿಯ ಮೈಯೇ ಹೇಳುತ್ತದೆ. ಮುಂದಕ್ಕೆ ಬಾಗಿದರೆ ಎರಡು ಹೆಜ್ಜೆ ಹೋಗುತ್ತೇನೆ. ನನ್ನ ತೋಳಿಗೆ ಒತ್ತಿಕೊಂಡರೆ ಹಿಂದೆ ಬರುತ್ತೇನೆ. "ಅಭ್ಯಾಸ ಆಗಲಿ" ಎಂದು ಹೆದರಿದ ಮರಿಯನ್ನು ಗದ್ದಲದ ನಡುವೆ ನಿಲ್ಲಿಸುವವರನ್ನು ನೋಡಿದ್ದೇನೆ. ಆ ಮರಿ ಕಲಿಯುವುದು ಒಂದೇ, ತನ್ನ ಮಾತು ಯಾರೂ ಕೇಳುವುದಿಲ್ಲ ಅಂತ.

ಈ ಮಕ್ಕಳಿಗೆಂದೇ ಕಲಿಸಬೇಕಾದ ಕೆಲವು ಸಂಗತಿಗಳಿವೆ. ಅದರಲ್ಲಿ ಕೈಗಳ ವಿಷಯ ಮುಖ್ಯ. ಖುಷಿಯಾದಾಗ, ಗಾಬರಿಯಾದಾಗ ತುಂಬಾ ಮಕ್ಕಳು ಎರಡೂ ಕೈಗಳನ್ನು ಪಟಪಟನೆ ಆಡಿಸುತ್ತಾರೆ. ಮರಿಯ ಕಣ್ಣಿಗೆ ಅದು ಹಾರುವ ಆಟಿಕೆ. ಬಾಯಲ್ಲಿ ಸೂಜಿಯಂಥ 28 ಹಾಲುಹಲ್ಲು ಬೇರೆ. ನಾಲ್ಕರಿಂದ ಆರು ತಿಂಗಳ ನಡುವೆ ಅವು ಬಿದ್ದು 42 ಹೊಸ ಹಲ್ಲು ಬರುವಷ್ಟು ಕಾಲ ಕಂಡದ್ದನ್ನೆಲ್ಲ ಕಚ್ಚುವ ತವಕ. ಆಡುವ ಕೈಯನ್ನು ಬೆನ್ನಟ್ಟುವ ಚಟ ಒಮ್ಮೆ ಹತ್ತಿದರೆ ಆ ನಾಯಿ ಈ ಕೆಲಸಕ್ಕೆ ಆಗುವುದಿಲ್ಲ. ಅದಕ್ಕೆ ಮೊದಲಿನಿಂದಲೂ ಮನೆಯಲ್ಲಿ ಒಂದು ನಿಯಮ. ಕೈಯಿಂದ ಆಟ ಇಲ್ಲ. ಆಟ ಏನಿದ್ದರೂ ಬೊಂಬೆಯಿಂದ, ಹಗ್ಗದಿಂದ. ಬಂದ ನೆಂಟರು ಬೆರಳು ಅಲ್ಲಾಡಿಸಿ ಕೆಣಕಿದರೆ ಅವರನ್ನು ಅಲ್ಲೇ ತಡೆಯುತ್ತೇನೆ, ಅವರಿಗೆ ಬೇಜಾರಾದರೂ ಸರಿ. ಆಮೇಲೆ ಯಾರನ್ನಾದರೂ ಕೋಣೆಯ ಆ ತುದಿಯಲ್ಲಿ ನಿಲ್ಲಿಸಿ ಕೈ ಆಡಿಸಲು ಹೇಳುತ್ತೇನೆ. ಮರಿ ನೋಡುತ್ತದೆ, ನನ್ನ ಕಡೆ ತಿರುಗುತ್ತದೆ, ತಿಂಡಿ ಸಿಗುತ್ತದೆ. ದಿನ ಕಳೆದಂತೆ ಹತ್ತಿರ, ಇನ್ನೂ ಹತ್ತಿರ. ಕೊನೆಗೆ ಮುಖದ ಮುಂದೆ ಕೈ ಆಡಿದರೂ ಮರಿ ಆಕಳಿಸಿ ಪಕ್ಕಕ್ಕೆ ಹೊರಳುವ ದಿನ ಬರುತ್ತದೆ.

ಆಕಳಿಕೆ ಅಂದೆ ಅಲ್ವಾ, ಅದರಲ್ಲೂ ಎರಡು ಬಗೆ. ನಿದ್ದೆಯ ಆಕಳಿಕೆ ಒಂದು, ಕಸಿವಿಸಿಯ ಆಕಳಿಕೆ ಇನ್ನೊಂದು. ನಾಯಿ ಸಾಕುವವರು ಕಲಿಯಲೇಬೇಕಾದ ಲಿಪಿ ಇದು. ನಿದ್ದೆಯ ಹೊತ್ತಲ್ಲದೆ ಆಕಳಿಸುವುದು, ಮುಂದೆ ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕುವುದು, ತಲೆ ಆ ಕಡೆ ತಿರುಗಿಸಿ ಕಣ್ಣಂಚಿನಿಂದ ನೋಡುವುದು, ಬಿಳಿಗುಡ್ಡೆ ಕಾಣುವುದು, ಕಿವಿ ಹಿಂದಕ್ಕೆ ಅಂಟಿಕೊಳ್ಳುವುದು, ತೆರೆದಿದ್ದ ಬಾಯಿ ಫಕ್ಕನೆ ಮುಚ್ಚುವುದು. ಇವೆಲ್ಲ "ನನಗೆ ಇದು ಹಿಡಿಸ್ತಿಲ್ಲ" ಎಂಬ ಮಾತು. ಯಾರೂ ಕೇಳದಿದ್ದರೆ ಗುರ್ ಅನ್ನುತ್ತದೆ. ಗುರ್ ಅಂದಿದ್ದಕ್ಕೆ ಹೊಡೆದರೆ ನಾಯಿ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚುತ್ತದೆ. ಎಚ್ಚರಿಕೆ ಕೊಡುವ ನಾಯಿಯ ಬಾಯಿ ಮುಚ್ಚಿಸುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ.

ಸುಮ್ನೆ ಮಲಗುವ ಪಾಠ ಒಂದು ಚಾಪೆಯಿಂದ ಶುರುವಾಗುತ್ತದೆ. ಚಾಪೆ ಹಾಸಿ ಪಕ್ಕದಲ್ಲಿ ಕೂತಿರುತ್ತೇನೆ, ಅಷ್ಟೇ. ಕರೆಯುವುದಿಲ್ಲ, ತಳ್ಳುವುದಿಲ್ಲ. ಮರಿ ಅಡ್ಡಾಡುತ್ತಾ ತಾನಾಗಿ ಅದರ ಮೇಲೆ ಕಾಲಿಟ್ಟಾಗ ಎರಡು ಮುಂಗಾಲುಗಳ ನಡುವೆ ಒಂದು ತಿಂಡಿ ಬೀಳುತ್ತದೆ. ಕೈಯಿಂದ ಬಾಯಿಗೆ ಕೊಟ್ಟರೆ ಮರಿ ಕೈ ನೋಡುತ್ತಾ ನಿಲ್ಲುತ್ತದೆ. ನೆಲಕ್ಕೆ ಹಾಕಿದರೆ ತಲೆ ತಗ್ಗುತ್ತದೆ. ಸ್ವಲ್ಪ ದಿನದಲ್ಲಿ ಅಲ್ಲೇ ಕೂರುತ್ತದೆ, ಆಮೇಲೆ ಮಲಗುತ್ತದೆ. ಮೊದಮೊದಲು ಹಾರಲು ಸಿದ್ಧವಾಗಿ ಕಾಲು ಮಡಚಿ ಮಲಗಿರುತ್ತದೆ. ನಾನು ಕಾಯುವುದು ಸೊಂಟ ಒಂದು ಪಕ್ಕಕ್ಕೆ ವಾಲುವುದನ್ನು. ಅದು ವಾಲಿದ ಮೇಲೆ ಉಸಿರು ನಿಧಾನ ಆಗುತ್ತದೆ. ಆಗ ಇನ್ನೊಂದು ತಿಂಡಿ, ಸದ್ದಿಲ್ಲದೆ. ಭಲೇ, ಶಭಾಷ್ ಎಂದು ಹೊಗಳಿದರೆ ಮರಿ ಎದ್ದು ಕುಣಿಯುತ್ತದೆ, ಮಾಡಿದ್ದೆಲ್ಲ ಹಾಳು. ಇದಕ್ಕೊಂದು ಪದ ಸೇರಿಸುವುದು ಎಷ್ಟೋ ವಾರಗಳ ನಂತರ. ನೆಮ್ಮದಿ ಮೊದಲು ಬರಬೇಕು, ಆಮೇಲೆ ಅದರ ಹೆಸರು.

ಮರಿ ಎದ್ದು ಹೋದರೆ? ಹೋಗಲಿ. ಬೈಯುವುದಿಲ್ಲ, ಎಳೆದು ತರುವುದಿಲ್ಲ. ನಾನು ಅದರ ಶಕ್ತಿಗಿಂತ ಜಾಸ್ತಿ ಕೇಳಿದ್ದೇನೆ ಅಂತ ಅರ್ಥ. ಸದ್ದು ಕಡಿಮೆ ಮಾಡುತ್ತೇನೆ, ಸಮಯ ಕಡಿಮೆ ಮಾಡುತ್ತೇನೆ. ಎದ್ದು ಹೋಗಬಹುದು ಎಂದು ಗೊತ್ತಿರುವ ಮರಿ ಮಾತ್ರ ನಿಜವಾಗಿ ಉಳಿಯುತ್ತದೆ. ಕಟ್ಟಿಹಾಕಿ ಉಳಿಸಿಕೊಂಡದ್ದು ಉಳಿದಂತೆ ಅಲ್ಲ.

ಇಲ್ಲಿ ನನಗೆ ಮಕ್ಕಳ ನೆನಪು ಬರದೆ ಇರುವುದಿಲ್ಲ. ಮಗುವನ್ನೂ ಮರಿಯನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಆದರೆ ಆಟಿಸಂ ಇರುವ ಮಕ್ಕಳನ್ನು ಎಷ್ಟೋ ಕಡೆ ಹೀಗೇ ಬಿಗಿಯಾಗಿ ಕೂರಿಸುತ್ತಾರೆ. ಕೈ ಆಡಿಸಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡು, ಅಲುಗಾಡಬೇಡ. ಮಗು ಕಲಿಯುತ್ತದೆ ಕೂಡ. ಶಾಲೆಯಲ್ಲಿ "ತುಂಬಾ ಸುಧಾರಿಸಿದ್ದಾನೆ" ಅನ್ನುತ್ತಾರೆ. ಮನೆಗೆ ಬಂದು ಚಪ್ಪಲಿ ಬಿಚ್ಚುವಷ್ಟರಲ್ಲಿ ಅದೇ ಮಗು ನೆಲಕ್ಕೆ ಬಿದ್ದು ಅಳುತ್ತದೆ. ಇಡೀ ದಿನ ಒಳಗೆ ಅದುಮಿಟ್ಟಿದ್ದೆಲ್ಲ ಹೊರಬರುತ್ತದೆ. ಆಟಿಸಂ ಇದ್ದು ದೊಡ್ಡವರಾದವರು ಈ ಬಗ್ಗೆ ತಾವೇ ಮಾತಾಡುತ್ತಿದ್ದಾರೆ, ಬರೆಯುತ್ತಿದ್ದಾರೆ. ತಮ್ಮತನ ಮುಚ್ಚಿಟ್ಟುಕೊಂಡು ಬದುಕುವುದಕ್ಕೆ ಎಷ್ಟು ಬೆಲೆ ತೆತ್ತಿದ್ದೇವೆ ಎಂದು ಹೇಳುತ್ತಿದ್ದಾರೆ. ಸುಮ್ಮನಿರುವುದಕ್ಕೂ ನೆಮ್ಮದಿಯಾಗಿರುವುದಕ್ಕೂ ಇರುವ ಅಂತರ ನನಗೆ ಕಣ್ಣಿಗೆ ಕಟ್ಟಿದ್ದು ಮರಿಗಳಿಂದ. ಅದು ಕಂಡ ಮೇಲೆ ಮಕ್ಕಳನ್ನು ನೋಡುವ ನನ್ನ ಕಣ್ಣೂ ಬದಲಾಯಿತು.

ಏಳೆಂಟು ತಿಂಗಳಿಗೆ ಮರಿ ಹರೆಯಕ್ಕೆ ಬರುತ್ತದೆ. ಕಲಿತದ್ದೆಲ್ಲ ನೀರಲ್ಲಿ ಹೋಮ ಅನಿಸುವ ಕಾಲ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಅವರ ಜೊತೆಯವರು ದಾರಿ ತೋರಿಸುವ ಕೆಲಸಕ್ಕೆ ಬೆಳೆಸುತ್ತಿದ್ದ ಮರಿಗಳನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ್ದು ಇದನ್ನೇ. ಎಂಟು ತಿಂಗಳ ನಾಯಿ "ಕೂರು" ಎಂಬ ಮಾತನ್ನು ಐದು ತಿಂಗಳಿದ್ದಾಗ ಕೇಳಿದಷ್ಟೂ ಕೇಳುವುದಿಲ್ಲ. ವಿಚಿತ್ರ ಅಂದರೆ, ಸಾಕಿದವರ ಮಾತನ್ನು ಮಾತ್ರ ಕೇಳುವುದಿಲ್ಲ, ಹೊರಗಿನವರು ಹೇಳಿದರೆ ಕೇಳುತ್ತದೆ! ಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಹಂತ ದಾಟಿಹೋಗುತ್ತದೆ. ಕೋಪ ಮಾಡಿಕೊಳ್ಳದೆ, ಹೊಸದೇನೂ ಹೇರದೆ, ಹಳೆಯ ಪಾಠಗಳನ್ನೇ ಚಿಕ್ಕದಾಗಿ ಮಾಡಿಸುತ್ತಾ ಹೋದರೆ ಸಾಕು.

ಇಷ್ಟೆಲ್ಲ ಮಾಡಿದ್ದರಿಂದ ಮಗುವಿಗೆ ನಿಜವಾಗಿ ಏನಾದರೂ ಆಗುತ್ತದೆಯಾ? ಕೆನಡಾದ ಕ್ವಿಬೆಕ್‌ನಲ್ಲಿ ಸೋನಿಯಾ ಲುಪಿಯನ್ ಅವರ ತಂಡ ಆಟಿಸಂ ಇರುವ 42 ಮಕ್ಕಳ ಎಂಜಲಿನಲ್ಲಿ, ಮೈಮನಸ್ಸಿನ ಒತ್ತಡದ ಜೊತೆ ನಂಟಿರುವ ಕಾರ್ಟಿಸಾಲ್ ಎಂಬ ಹಾರ್ಮೋನು ಅಳೆದು 2010ರಲ್ಲಿ ಪ್ರಕಟಿಸಿತು. ಬೆಳಗ್ಗೆ ಎದ್ದ ಮೇಲೆ ಈ ಹಾರ್ಮೋನು ಏರುವುದು ಎಲ್ಲರಿಗೂ ಸಹಜ. ನಾಯಿ ಬರುವ ಮುಂಚೆ ಆ ಮಕ್ಕಳಲ್ಲಿ ಅದು ಶೇಕಡಾ 58ರಷ್ಟು ಏರುತ್ತಿತ್ತು. ನಾಯಿ ಮನೆಯಲ್ಲಿದ್ದಾಗ ಏರಿಕೆ ಶೇಕಡಾ 10ಕ್ಕೆ ಇಳಿಯಿತು. ನಾಯಿಯನ್ನು ಸ್ವಲ್ಪ ದಿನ ವಾಪಸ್ ಕರೆದುಕೊಂಡಾಗ ಮತ್ತೆ ಶೇಕಡಾ 48 ಆಯಿತು. ಈ ಸಂಖ್ಯೆಗಳನ್ನು ಎಲ್ಲರೂ ಉತ್ಸಾಹದಿಂದ ಹೇಳುತ್ತಾರೆ. ಅದೇ ಅಧ್ಯಯನದ ಇನ್ನೊಂದು ಸಾಲನ್ನು ಹೇಳುವವರು ಕಡಿಮೆ. ಇಡೀ ದಿನದ ಸರಾಸರಿ ಕಾರ್ಟಿಸಾಲ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾನು ಇಷ್ಟು ಮಾತ್ರ ಧೈರ್ಯವಾಗಿ ಹೇಳುತ್ತೇನೆ: ನಾಯಿಯ ಇರುವಿಕೆ ಕೆಲವು ಮಕ್ಕಳ ಮೈಗೆ ತಟ್ಟುತ್ತದೆ. ನಾಯಿ ಔಷಧಿ ಅಲ್ಲ. ಆಟಿಸಂ ಕೂಡ ವಾಸಿ ಮಾಡಿ ಕಳಿಸಬೇಕಾದ ಜ್ವರ ಅಲ್ಲ.

ನನ್ನನ್ನು ಜಾಸ್ತಿ ಕಾಡಿದ ಅಧ್ಯಯನ ಬೇರೆಯೇ. ಕೆನಡಾದಲ್ಲೇ ಕ್ರಿಸ್ಟನ್ ಬರೋಸ್ ಮತ್ತು ಜೊತೆಗಾರರು ಇಂಥ ನಾಯಿಗಳಿರುವ ಹತ್ತು ಮನೆಗಳನ್ನು ಹತ್ತಿರದಿಂದ ನೋಡಿ 2008ರಲ್ಲಿ ಬರೆದರು. ಮಗು ಸುರಕ್ಷಿತವಾಗಿದೆ, ಮನೆಯವರು ಹೊರಗೆ ಹೋಗುವ ಹಾಗಾಗಿದೆ, ರಾತ್ರಿ ನಿದ್ದೆ ಬರುತ್ತಿದೆ ಎಂದು ಕುಟುಂಬಗಳು ಹೇಳಿದವು. ಅದರ ಜೊತೆಗೇ ಬರೋಸ್ ತಂಡದವರು ನಾಯಿಗಳ ಸ್ಥಿತಿಯನ್ನೂ ನೋಡಿದರು. ಕೆಲಸದ ನಂತರ ಸಾಕಷ್ಟು ವಿಶ್ರಾಂತಿ ಇಲ್ಲ. ಗೊತ್ತಿಲ್ಲದೆಯೇ ಮಕ್ಕಳು ಚುಚ್ಚುವುದು, ಎಳೆಯುವುದು ಇದೆ. ದಿನಚರಿಗೆ ನಿಯಮ ಇಲ್ಲ. ಆಟಕ್ಕೆ ಬಿಡುವಿಲ್ಲ. ಇದನ್ನು ಓದಿದ ಮೇಲೆ, ಮನೆಯಿಂದ ಹೊರಡುವ ಪ್ರತಿ ಮರಿಯ ಜೊತೆ ನಾನು ಕೆಲವು ಮಾತು ಕಳಿಸುತ್ತೇನೆ. ಮಗು ಹೋಗಲಾಗದ ಒಂದು ಮೂಲೆ ನಾಯಿಗೆ ಇರಲಿ. ಜಾಕೆಟ್ ಬಿಚ್ಚಿದ ಮೇಲೆ ಅದು ಕೆಲಸದಲ್ಲಿಲ್ಲ, ಯಾವ ಹುಲ್ಲನ್ನು ಬೇಕಾದರೂ ಮೂಸಲಿ. ದಿನಕ್ಕೊಮ್ಮೆಯಾದರೂ ಮಗು ಜೊತೆಗಿಲ್ಲದೆ ನಾಯಿಯನ್ನು ಓಡಾಡಿಸಿ. ಮಗು ಶಾಲೆಗೆ ಹೋದಾಗ ನಾಯಿ ಮಲಗಲಿ, ಎಬ್ಬಿಸಬೇಡಿ.

ಇದು ಮಗುವಿಗೂ ಒಳ್ಳೆಯದೇ. ನಾನು ಬೆಳೆಸಿದ ಚುಕ್ಕಿ ಎಂಬ ಲ್ಯಾಬ್ರಡಾರ್ ಸೇರಿದ ಮನೆಗೆ ಒಮ್ಮೆ ಹೋಗಿದ್ದೆ. ಆ ಮನೆಯ ಹುಡುಗಿ ಮಾತಾಡುವುದಿಲ್ಲ. ಚುಕ್ಕಿ ಮಲಗಿತ್ತು. ಹುಡುಗಿ ಅದರ ಬೆನ್ನಿನ ಉದ್ದಕ್ಕೂ ಮರದ ತುಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು, ಕುತ್ತಿಗೆಯಿಂದ ಬಾಲದವರೆಗೆ. ಬಹಳ ಹೊತ್ತು ಚುಕ್ಕಿ ಅಲುಗಾಡಲಿಲ್ಲ. ಆಮೇಲೆ ತುಟಿ ನೆಕ್ಕಿತು, ತಲೆ ತಿರುಗಿಸಿತು, ಎದ್ದು ತನ್ನ ಮೂಲೆಗೆ ಹೋಯಿತು. ತುಂಡುಗಳೆಲ್ಲ ಚೆಲ್ಲಾಪಿಲ್ಲಿ. ಹುಡುಗಿ ಕಿರುಚಿದಳು. ತಾಯಿ ನಾಯಿಯನ್ನು ಕರೆಯಲು ಬಾಯಿ ತೆರೆದು, ಹಾಗೇ ಸುಮ್ಮನಾದರು. ಮಗಳಿಗೆ "ಚುಕ್ಕಿಗೆ ಸಾಕಾಯ್ತು" ಎಂದು ಹೇಳಿ ಒಂದು ಚಿತ್ರದ ಕಾರ್ಡು ತೋರಿಸಿದರು, ಮಲಗಿದ ನಾಯಿಯ ಚಿತ್ರ. ಅಳು ನಿಲ್ಲಲು ಹೊತ್ತು ಹಿಡಿಯಿತು. ನಿಂತ ಮೇಲೆ ಆಕೆ ಗೋಡೆಯ ಬುಡದಲ್ಲಿ ತುಂಡು ಜೋಡಿಸತೊಡಗಿದಳು. ಈಚೆಗೆ ಮಗಳು ತನಗೆ ಸಾಕಾದಾಗ ಅದೇ ಕಾರ್ಡನ್ನು ತಂದು ಕೈಯಲ್ಲಿ ಇಡುತ್ತಾಳೆ ಎಂದು ತಾಯಿ ಆಮೇಲೊಮ್ಮೆ ಹೇಳಿದರು. ಆ ದಿನ ನಾಯಿಯನ್ನು ಎಳೆದು ತಂದು ಮಲಗಿಸಿದ್ದರೆ ಆ ಮಗುವಿಗೆ ಇದು ಸಿಗುತ್ತಿರಲಿಲ್ಲ. ನಾಯಿ ಮಾತು ಕೇಳಲಿಲ್ಲ ಎಂದು ಬೇಜಾರಾಗುವವರಿಗೆ ಈ ಸಂಗತಿ ಹೇಳುತ್ತಿರುತ್ತೇನೆ.

ಎಲ್ಲ ಮರಿಗಳೂ ಕೊನೆ ಮುಟ್ಟುವುದಿಲ್ಲ. ಎಷ್ಟೋ ಸಂಸ್ಥೆಗಳಲ್ಲಿ ಅರ್ಧದಷ್ಟು ನಾಯಿಗಳು ನಡುವೆಯೇ ನಿಂತುಹೋಗುತ್ತವೆ. ಸೊಂಟದ ಕೀಲು ಸರಿ ಇಲ್ಲ, ಸದ್ದಿಗೆ ಬೆಚ್ಚುತ್ತದೆ, ಅಳಿಲು ಕಂಡರೆ ಮೈಮರೆಯುತ್ತದೆ, ಅಥವಾ ಸುಮ್ನೆ ಈ ಕೆಲಸ ಅದಕ್ಕೆ ಇಷ್ಟ ಇಲ್ಲ. ಕೊನೆಯದು ಪೂರ್ತಿ ಒಪ್ಪತಕ್ಕ ಕಾರಣ. ಅಂಥವು ಬೇರೆ ಮನೆಗಳಲ್ಲಿ ಮುದ್ದಿನ ನಾಯಿಗಳಾಗಿ ಇರುತ್ತವೆ. ಸೋತ ನಾಯಿ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಹಾಗೇ ಎಲ್ಲ ಮಕ್ಕಳಿಗೂ ನಾಯಿ ಬೇಕಾಗಿಲ್ಲ. ಬೊಗಳುವ ಸದ್ದು, ನಾಯಿಯ ವಾಸನೆ, ಒದ್ದೆ ಮೂಗು ತಡೆಯಲಾಗದ ಮಕ್ಕಳಿದ್ದಾರೆ. ಹೆತ್ತವರಿಗೆ ನಾಯಿ ಬೇಕು, ಮಗುವಿಗೆ ಬೇಡ ಅನ್ನುವ ಮನೆಗಳೂ ಇವೆ. ಮೊದಲ ಭೇಟಿಯಲ್ಲಿ ಮಗು ನಾಯಿಯನ್ನು ಮುಟ್ಟಲೇಬೇಕು ಎಂದು ಯಾರೂ ಒತ್ತಾಯ ಮಾಡಬಾರದು. ಒಂದೇ ಕೋಣೆಯಲ್ಲಿ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಇದ್ದರೆ ಸಾಕು. ಮಾತು ಬರುವುದಿಲ್ಲ ಅಂದ ಮಾತ್ರಕ್ಕೆ ಮಗುವಿಗೆ ಅಭಿಪ್ರಾಯ ಇಲ್ಲ ಅಂತ ಅಲ್ಲ.

ಕೊನೆಯದಾಗಿ, ನಾಯಿಗೆ ಅರ್ಜಿ ಹಾಕುವಾಗ ಬಹಳ ಜನ ಕೇಳಲು ಮರೆಯುವ ಒಂದು ವಿಷಯ. ಎರಡು ವರ್ಷಕ್ಕೆ ಕೆಲಸಕ್ಕೆ ಸೇರಿದ ನಾಯಿ ಎಂಟು, ಹತ್ತು ವರ್ಷಕ್ಕೆ ನಿವೃತ್ತಿಯಾಗುತ್ತದೆ. ಆರು ವರ್ಷದ ಮಗು ಅಷ್ಟರಲ್ಲಿ ಹರೆಯಕ್ಕೆ ಬಂದಿರುತ್ತದೆ. ದಿನಚರಿ ಒಂದಿಷ್ಟು ಬದಲಾದರೂ ಕಷ್ಟಪಡುವ ಮಗುವಿಗೆ, ನಾಯಿ ನಾಳೆಯಿಂದ ಜಾಕೆಟ್ ಹಾಕುವುದಿಲ್ಲ, ಜೊತೆಗೆ ಹೊರಗೆ ಬರುವುದಿಲ್ಲ ಅನ್ನುವುದು ಸಣ್ಣ ಸುದ್ದಿ ಅಲ್ಲ. ಹಾಗಾಗಿ ಮೊದಲೇ ಕೇಳಿ. ನಿವೃತ್ತಿಯಾದ ಮೇಲೆ ನಾಯಿ ನಮ್ಮ ಮನೆಯಲ್ಲೇ ಇರಬಹುದಾ? ಇನ್ನೊಂದು ನಾಯಿ ಬರುವುದಾದರೆ ಎರಡೂ ಒಟ್ಟಿಗೆ ಇರಬಹುದಾ? ಮುದಿ ನಾಯಿಯ ಆಸ್ಪತ್ರೆ ಖರ್ಚು ಯಾರದು? ಆ ಬದಲಾವಣೆಗೆ ಮಗುವನ್ನು ಅಣಿ ಮಾಡುವುದನ್ನು ತಿಂಗಳುಗಟ್ಟಲೆ ಮುಂಚೆಯೇ ಶುರು ಮಾಡಬೇಕು. ಗೋಡೆಯ ಮೇಲೆ ಚಿತ್ರದ ಕ್ಯಾಲೆಂಡರ್ ಇರಲಿ. ಮೊದಲು ವಾರಕ್ಕೊಂದು ದಿನ ಜಾಕೆಟ್ ಇಲ್ಲದೆ, ಆಮೇಲೆ ಎರಡು ದಿನ, ಆಮೇಲೆ ಇನ್ನೂ ಜಾಸ್ತಿ. ನಾಯಿ ಮನೆಯಲ್ಲೇ ಉಳಿಯುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಮಗುವೇ ಗುರುತು ಮಾಡಲಿ.